ಅಗಸಿಯ ಎರಡನೇ ಏಟು

ಜೈಲು, ನಾಲ್ಕನೇ ಬ್ಯಾರಕ್
14 ನವೆಂಬರ್ 2022

ಅಪ್ಪಾ,

ಕ್ಷೇಮ ಸಮಾಚಾರ ಕೇಳುವಷ್ಟು ಸಮಾಧಾನ ನನಗಿಲ್ಲ. ಇಲ್ಲಿ ವಾರಕ್ಕೆ ಐದು ನಿಮಿಷ ಫೋನ್ ಕೊಡುತ್ತಾರೆ, ಆ ಐದು ನಿಮಿಷವೂ ಅವ್ವನ ಅಳುವಿನಲ್ಲಿ ಮುಗಿಯುತ್ತದೆ. ನೀನಂತೂ ಫೋನ್ ಮುಟ್ಟುವುದಿಲ್ಲ. ಅದಕ್ಕೇ ಪತ್ರ. ಜೈಲಿನ ಸಾಹೇಬರು ಮೊದಲು ಓದಿ ಆಮೇಲೆ ಕಳಿಸುತ್ತಾರಂತೆ. ಓದಲಿ, ನನಗೇನು.

ಒಂದೇ ಮಾತು ಹೇಳು. ಬನ್ನಿ ಹಬ್ಬಕ್ಕೆ ನಮ್ಮನ್ನು ಕೆಂಚನಗಡಕ್ಕೆ ಕರೆದುಕೊಂಡು ಹೋದೆಯಲ್ಲ, ಅಲ್ಲಿ ನಿನ್ನ ಬೆನ್ನಿಗೆ ಬಾರುಕೋಲು ಬೀಳುತ್ತದೆ ಎಂದು ನಿನಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿತ್ತು. ಅಂಗಿ ಬಿಚ್ಚಿ, ಮಡಚಿ, ಅವ್ವನ ಕೈಗೆ ಕೊಟ್ಟ ರೀತಿ ನೋಡಿದರೆ ಸಾಕು. ನಮಗೆ ಹೇಳಿದ್ದೇನು? ತಂಗಿ ಉಮಾಶ್ರೀಯ ಮದುವೆ ಗೊತ್ತಾಗಿದೆ, ಮೂಲ ಊರು ನೋಡಿ ಕಾಯಿ ಒಡೆಸಿಕೊಂಡು ಬರೋಣ ಎಂದೆ. ನಾನು ಹುಟ್ಟಿದ ಇಪ್ಪತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಆ ಊರಿನ ಹೆಸರನ್ನೇ ಎತ್ತದವನು ಏಕಾಏಕಿ ಹೊರಟಾಗಲೇ ನಾನು ಅನುಮಾನ ಪಡಬೇಕಿತ್ತು.

ಕಟಕೋಳದ ತನಕ ಬಸ್ಸು, ಅಲ್ಲಿಂದ ಟಂಟಂ ಆಟೋದಲ್ಲಿ ಗುಡ್ಡ ಹತ್ತಿದೆವು. ಅವ್ವ ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದಳು, ಉಮಾ ದಾರಿಯುದ್ದಕ್ಕೂ ಫೋಟೊ ತೆಗೆದಳು. ಆ ನಿಜಗುಣಪ್ಪ ಗೌಡ ಎದುರಿಗೆ ಬಂದು ನಿನ್ನನ್ನು ಅಪ್ಪಿಕೊಂಡು ಕಣ್ಣೀರು ಹಾಕಿದ. ಪಕ್ಕದಲ್ಲಿ ಕೂತು ರೊಟ್ಟಿ ಉಣಿಸಿದ. ಅದೇ ಮನುಷ್ಯ ಎರಡು ತಾಸಿನ ನಂತರ ಹಾಳು ಕೋಟೆಯ ಹೆಬ್ಬಾಗಿಲಲ್ಲಿ, ಆ ಅಗಸಿಯಲ್ಲಿ, ನಿನ್ನ ಬೆನ್ನ ಹಿಂದೆ ಬಾರುಕೋಲು ಹಿಡಿದು ನಿಂತಿದ್ದ. ಒಂದೇ ಏಟಿಗೆ ನಿನ್ನ ಬೆನ್ನು ಹೆಗಲಿನಿಂದ ಸೊಂಟದ ತನಕ ಬಿರಿಯಿತು. ರಕ್ತ ಧೋತರದ ಅಂಚಿಗೆ ಇಳಿಯಿತು. ಇಡೀ ಊರು ನಿಂತಿತ್ತು, ಒಬ್ಬನೂ ಅಡ್ಡ ಬರಲಿಲ್ಲ.

ಆಮೇಲೆ ಅವನು ಬಾರುಕೋಲು ಹಿಡಿದುಕೊಂಡೇ ನಿನ್ನ ಮುಂದೆ ಬಂದು ಬಗ್ಗಿದ. ಇನ್ನೊಂದು ಹಾಕುತ್ತಾನೆ ಎಂದುಕೊಂಡೆ. ಅಗಸಿಯ ಬುಡದಲ್ಲಿದ್ದ ಕಲ್ಲು ಎತ್ತಿಕೊಂಡು ಓಡಿದೆ. ಹೆಜ್ಜೆ ಸಪ್ಪಳಕ್ಕೆ ಅವನು ಮುಖ ಎತ್ತಿದ. ಆ ಮುಖಕ್ಕೇ ಹೊಡೆದೆ. ಎರಡು ಸಲ ಹೊಡೆದೆ. ಸುಳ್ಳು ಹೇಳುವುದಿಲ್ಲ, ಎರಡನೆಯ ಸಲ ಹೊಡೆಯುವಾಗ ನನಗೆ ಹಿತವಾಗಿತ್ತು. ಆಮೇಲೆ ಊರವರು ನನ್ನ ಮೇಲೆ ಬಿದ್ದದ್ದು, ಎರಡು ಪಕ್ಕೆಲುಬು ಮುರಿದದ್ದು, ಟಂಟಂಗೆ ಬೆಂಕಿ ಹಚ್ಚಿದ್ದು ಎಲ್ಲಾ ನೀನೇ ನೋಡಿದ್ದೀ.

ಅವನ ಎಡಗಣ್ಣು ಹೋಗಿದೆಯಂತೆ. ಕೊಲೆ ಪ್ರಯತ್ನ ಎಂದು ಕೇಸು ಬರೆದಿದ್ದಾರೆ. ನಮ್ಮ ವಕೀಲರು ಹೇಳುವುದು ಇಷ್ಟೇ: ಅವನು ಬಗ್ಗಿದ್ದು ಮತ್ತೆ ಹೊಡೆಯಲಿಕ್ಕೆ ಎಂದು ಸಾಬೀತಾದರೆ, ಅಪ್ಪನನ್ನು ಉಳಿಸಲು ಮಗ ಕೈ ಎತ್ತಿದ ಎಂದಾಗುತ್ತದೆ, ನಾನು ಬಿಡುಗಡೆಯಾಗಬಹುದು. ಊರವರೆಲ್ಲ ಅವನ ಕಡೆಯವರು, ಅವನ ಎದುರಿಗೆ ನಿಂತವನು ನೀನೊಬ್ಬನೇ. ನಿನ್ನ ಒಂದು ಮಾತು ಸಾಕು.

ಹೇಳುತ್ತೀ ಎಂದು ಗೊತ್ತು. ಆದರೂ ಬರೆದು ಕಳಿಸು, ವಕೀಲರಿಗೆ ತೋರಿಸಬೇಕು.

ನಿನ್ನ ಬೆನ್ನು ಈಗ ಹೇಗಿದೆ?

ವಿರೂಪಾಕ್ಷ


ಬೈಲಹೊಂಗಲ
6 ಡಿಸೆಂಬರ್ 2022

ಮಗಾ ವಿರೂಪಾಕ್ಷಾ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲು ಕೂತು ಮೂರು ಸಲ ಎದ್ದೆ. ನನ್ನ ಬೆನ್ನು ಮಾಯ್ದಿದೆ. ಬೋರಲು ಮಲಗುವುದು ಮಾತ್ರ ಇನ್ನೂ ತಪ್ಪಿಲ್ಲ.

ಮಾರ್ಕೆಟ್ಟಿನಲ್ಲಿ ಹತ್ತಿಯ ಸುಗ್ಗಿ. ಬೆಳಗಿನಿಂದ ಸಂಜೆಯ ತನಕ ಕಾಟಾದ ಮುಂದೆ ನಿಂತು ತೂಕ ಮಾಡುತ್ತೇನೆ. ಮೊದಲು ರೈತರು ನನ್ನ ಜೊತೆ ನಾಲ್ಕು ಮಾತಾಡುತ್ತಿದ್ದರು, ಈಗ ಚೀಲ ಇಳಿಸಿ ದೂರ ಸರಿಯುತ್ತಾರೆ. ನಿನ್ನ ಗ್ಯಾರೇಜಿಗೆ ಬೀಗ ಹಾಕಿದ್ದೇನೆ. ಗೋಡೆಯ ಮೇಲಿನ ಅಜ್ಜನ ಫೋಟೊಕ್ಕೆ ನೀನು ಹಾಕಿದ್ದ ಮಾಲೆ ಒಣಗಿತ್ತು, ತೆಗೆದೆ. ಉಮಾಶ್ರೀಯ ಬೀಗರು ಸವದತ್ತಿಯಿಂದ ಬಂದು, ಕೇಸು ಮುಗಿಯಲಿ, ಆಮೇಲೆ ನೋಡೋಣ ಎಂದು ಹೋದರು. ನಿಮ್ಮವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಾಟನ್ನು ನೆಲಕ್ಕೆ ಕುಕ್ಕುತ್ತಾಳೆ, ಅಷ್ಟೇ ಸಂಭಾಷಣೆ.

ಬಾರುಕೋಲಿನ ವಿಷಯ ನನಗೆ ಗೊತ್ತಿತ್ತು. ಅದು ಆ ಊರಿನ ಕಟ್ಟಳೆ. ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕಾದರೆ ಆ ಅಗಸಿಯ ಕಥೆ ಮೊದಲು ಹೇಳಬೇಕು.

ಇನ್ನೂರು ವರ್ಷವೋ ಮುನ್ನೂರು ವರ್ಷವೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೆಂಚನಗಡಕ್ಕೆ ಇದ್ದದ್ದು ಒಂದೇ ದಾರಿ, ಒಂದೇ ಅಗಸಿ. ಅದನ್ನು ಕಾಯುವವರು ನಮ್ಮ ಮನೆತನದವರು. ಅದಕ್ಕೇ ನಾವು ಅಗಸಿಮನಿಯವರು. ಒಂದು ಮುಂಜಾವಿನಲ್ಲಿ ಶತ್ರುವಿನ ಕುದುರೆಗಳು ಊರ ನಡುವೆ ನಿಂತಿದ್ದವು. ಸಿಕ್ಕವರನ್ನೆಲ್ಲ ಕಡಿದು, ಕಣಜಗಳಿಗೆ ಬೆಂಕಿ ಇಟ್ಟು, ಮಧ್ಯಾಹ್ನದೊಳಗೆ ಹೋಗಿಬಿಟ್ಟವು. ಉಳಿದ ಜನ ಹೆಣಗಳನ್ನು ಎತ್ತುವ ಮೊದಲೇ ನಮ್ಮ ಹಿರಿಯನನ್ನು ಹಿಡಿದರು. ಅಗಸಿ ತೆರೆದವನು ನೀನೇ ಎಂದರು. ಅವನು ಇಲ್ಲವೆಂದ. ಊರ ಗೌಡ ಬಾರುಕೋಲು ತರಿಸಿ ಮೊದಲ ಏಟು ಹಾಕಿದ, ಆಮೇಲೆ ಮನೆಗೊಬ್ಬರಂತೆ ಬಂದು ಹೊಡೆದರು. ಅವನ ಹೆಂಡತಿ ಕರೆವ್ವ ಮತ್ತು ಇಬ್ಬರು ಗಂಡುಮಕ್ಕಳನ್ನು ಅಲ್ಲೇ ನಿಲ್ಲಿಸಿ ನೋಡಿಸಿದರು. ಅವನು ಸತ್ತ ಮೇಲೆ ಕರೆವ್ವ ಎಲ್ಲರನ್ನೂ ಅಗಸಿಯ ಹತ್ತಿರ ಕರೆದೊಯ್ದಳು. ಕದ ಮುಚ್ಚಿತ್ತು. ಒಳಗಿನ ಅಗಳಿ ಇದ್ದ ಜಾಗದಲ್ಲೇ ಇತ್ತು, ಮೇಲೆ ಹಿಂದಿನ ದಿನದ ಧೂಳೂ ಇತ್ತು.

ಕುದುರೆಗಳು ಒಳಗೆ ಹೇಗೆ ಬಂದವು? ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಅಗಳಿ ಈಗಲೂ ಚಾವಡಿಯಲ್ಲಿದೆ. ಉಮಾಶ್ರೀ ಅದರ ಫೋಟೊ ತೆಗೆದಿದ್ದಾಳೆ.

ಉಳಿದದ್ದನ್ನು ಬರೆಯಲು ಕೈ ಬರುತ್ತಿಲ್ಲ. ಚಳಿ ಜಾಸ್ತಿ, ಕಂಬಳಿ ಕಳಿಸುತ್ತಿದ್ದೇನೆ.

ನಿನ್ನ ಅಪ್ಪ
ಕಾಡಪ್ಪ


ಜೈಲು
9 ಜನವರಿ 2023

ಅಪ್ಪಾ,

ಕಂಬಳಿ ಬಂತು. ಬಂದ ದಿನವೇ ಒಬ್ಬ ಅದನ್ನು ಎಳೆದುಕೊಂಡ. ಅವನ ತಲೆಯನ್ನು ನಲ್ಲಿಯ ಕಟ್ಟೆಗೆ ಜಜ್ಜಿದೆ. ಅವನ ಕಡೆಯವರು ನಾಲ್ವರು ಸೇರಿ ನನ್ನ ಮುಂದಿನ ಹಲ್ಲು ಉದುರಿಸಿದರು. ಕಂಬಳಿ ಈಗ ನನ್ನ ಹತ್ತಿರವೇ ಇದೆ, ರಕ್ತದ ಕಲೆ ಹೋಗಿಲ್ಲ.

ನಾನು ಕೇಳಿದ್ದೇನು, ನೀನು ಬರೆದದ್ದೇನು? ಸಾಲಿ ಮಾಸ್ತರನ ಹಾಗೆ ಇತಿಹಾಸ ಹೇಳುತ್ತೀಯಾ? ಮುನ್ನೂರು ವರ್ಷದ ಹಿಂದೆ ಕುದುರೆ ಎಲ್ಲಿಂದ ಬಂದವೋ ಅದನ್ನು ಕಟ್ಟಿಕೊಂಡು ನನಗೇನಾಗಬೇಕು. ಹೊಡೆದವರದೇ ತಪ್ಪು ಎಂದು ಗೊತ್ತಿದ್ದೂ ಆ ಊರವರು ಇವತ್ತಿನ ತನಕ ನಮ್ಮವರನ್ನೇ ಹೊಡೆಯುತ್ತಾರೆ, ನೀನು ಬೆನ್ನು ಕೊಡುತ್ತೀ. ಹೇಡಿತನಕ್ಕೆ ನೀನು ಕಟ್ಟಳೆ ಎಂಬ ಹೆಸರು ಇಟ್ಟಿದ್ದೀ. ಅಜ್ಜ ಗಂಡಸು. ಅಂಥ ಊರಿನ ಮುಖಕ್ಕೆ ಉಗಿದು ಗುಡ್ಡ ಇಳಿದು ಬಂದ. ನೀನು ಮತ್ತೆ ಹತ್ತಿಸಿದೆ.

ಅವನು ಬಗ್ಗಿದ್ದು ಯಾಕೆ? ಇಷ್ಟಕ್ಕೆ ಉತ್ತರ ಬರೆ. ವಕೀಲರು ಕಾಯುತ್ತಿದ್ದಾರೆ.

ವಿರೂಪಾಕ್ಷ


ಬೈಲಹೊಂಗಲ
12 ಫೆಬ್ರವರಿ 2023

ವಿರೂಪಾಕ್ಷಾ,

ಕೇಳಿದೆಯಲ್ಲ, ಬರೆಯುತ್ತೇನೆ. ಇದನ್ನು ವಕೀಲರಿಗೆ ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ಅಗಳಿ ನೋಡಿದ ಮೇಲೆ ಊರು ಕರೆವ್ವನ ಕಾಲಿಗೆ ಬಿತ್ತು. ಹೊಲ ಕೊಡುತ್ತೇವೆ, ಕೊರಳಿನ ಬಂಗಾರ ಕೊಡುತ್ತೇವೆ ಎಂದರು. ಆಕೆ ಏನೂ ಬೇಡ ಎಂದಳು. ಪ್ರತಿ ವರ್ಷ ಇದೇ ದಿನ, ಇದೇ ಅಗಸಿಯಲ್ಲಿ, ನೀವು ಮಾಡಿದ್ದನ್ನು ನನ್ನ ಮಕ್ಕಳ ಎದುರಿಗೆ ಮಾಡಿ ತೋರಿಸಬೇಕು, ಆಮೇಲೆ ಅದೇ ಏಟನ್ನು ನೀವೂ ತಿರುಗಿ ತಿನ್ನಬೇಕು ಎಂದಳು. ಅಲ್ಲಿಂದ ಈ ಕಟ್ಟಳೆ. ಗೌಡರ ಮನೆಯವನು ಅಗಸಿಮನಿಯವನ ಬೆನ್ನಿಗೆ ಒಂದು ಏಟು ಹಾಕುತ್ತಾನೆ. ಆಮೇಲೆ ಎದುರಿಗೆ ಬಂದು, ಬಾರುಕೋಲನ್ನು ಅವನ ಕಾಲ ಬಳಿ ಇಟ್ಟು, ಬಗ್ಗಿ ತನ್ನ ಬೆನ್ನು ಕೊಡುತ್ತಾನೆ. ಅಗಸಿಮನಿಯವನು ಒಂದು ಏಟು ಹಾಕಬೇಕು. ಅದಾದ ಮೇಲೆ ಇಬ್ಬರೂ ಬನ್ನಿ ಎಲೆ ಕೊಟ್ಟುಕೊಂಡು ಒಂದೇ ತಾಟಿನಲ್ಲಿ ಉಣ್ಣಬೇಕು.

ನಿಜಗುಣಪ್ಪ ಬಗ್ಗಿದ್ದು ಏಟು ತಿನ್ನಲಿಕ್ಕೆ, ಮಗಾ. ಅವನು ನನ್ನ ಕಾಲ ಬಳಿ ಬಾರುಕೋಲು ಇಡುತ್ತಿದ್ದ.

ನಿನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದರೆ, ಇದನ್ನು ಹೇಳಿದರೆ ನಿಮ್ಮಜ್ಜನ ಕಥೆಯನ್ನೂ ಹೇಳಬೇಕಿತ್ತು. ಆಗ ನನಗೆ ಹನ್ನೆರಡು ವರ್ಷ. ಆ ವರ್ಷ ನಿಮ್ಮಜ್ಜನಿಗೂ ನಿಜಗುಣಪ್ಪನ ತಂದೆಗೂ ಹೊಲದ ಬದುವಿನ ಜಗಳವಾಗಿತ್ತು. ಗೌಡ ಹೂವಿನಂತೆ ಒಂದು ಏಟು ಹಾಕಿ ಬೆನ್ನು ಕೊಟ್ಟ. ನಿಮ್ಮಜ್ಜ ಬಾರುಕೋಲನ್ನು ತಿರುವಿ ಹಿಡಿಕೆಯ ಕಡೆಯಿಂದ ಹೊಡೆದ. ಒಂದಕ್ಕೆ ನಿಲ್ಲಿಸಲಿಲ್ಲ. ಒಂಬತ್ತರ ತನಕ ನಾನು ಎಣಿಸಿದೆ, ಆಮೇಲೆ ಕಣ್ಣು ಮುಚ್ಚಿಕೊಂಡೆ. ಎಲುಬು ಮುರಿದ ಸಪ್ಪಳ ಕೇಳಿಸಿತು. ಎರಡನೇ ಏಟು ಕೊಡುವ ಕೈಯನ್ನು ಯಾರೂ ಹಿಡಿಯಬಾರದು ಎಂಬುದು ಕರೆವ್ವ ಹಾಕಿದ ಕಟ್ಟು. ಹಾಗಾಗಿ ಇಡೀ ಊರು ಹಲ್ಲು ಕಚ್ಚಿ ನೋಡುತ್ತಾ ನಿಂತಿತು. ಗೌಡನ ಸ್ವಂತ ಮಗನೂ ನಿಂತಿದ್ದ, ನನ್ನ ಓರಗೆಯ ಹುಡುಗ, ನನ್ನ ಜೊತೆ ಚಿಣಿಫಣಿ ಆಡುತ್ತಿದ್ದವನು. ಆ ಗೌಡ ಮೂರು ವರ್ಷ ಹಾಸಿಗೆಯಲ್ಲಿ ಸವೆದು ಸತ್ತ. ನಾವು ಅದೇ ದಿನ ಗುಡ್ಡ ಇಳಿದೆವು. ನಿಮ್ಮಜ್ಜ ಯಾರ ಮುಖಕ್ಕೂ ಉಗಿಯಲಿಲ್ಲ, ಮುಖ ತೋರಿಸಲಾರದೆ ಓಡಿ ಬಂದ. ಅಂದಿನಿಂದ ಅಗಸಿಯಲ್ಲಿ ಈ ಕಟ್ಟಳೆ ನಡೆದಿರಲಿಲ್ಲ.

ನಿನ್ನನ್ನು ಕೂಡ ಅದಕ್ಕೇ ಯಾರೂ ಹಿಡಿಯಲಿಲ್ಲ. ಕಲ್ಲು ಎತ್ತಿಕೊಂಡು ನೀನು ನೂರು ಜನರ ನಡುವಿನಿಂದ ಓಡಿ ಬಂದೆ, ಅವರು ದಾರಿ ಬಿಟ್ಟರು. ಅಗಸಿಮನಿಯವರ ಕೈ ಹಿಡಿಯಬಾರದಲ್ಲ.

ಹೋದ ವರ್ಷ ನಿಜಗುಣಪ್ಪ ಹತ್ತಿ ಮಾರಲು ಬಂದಾಗ ಕಾಟಾದ ಮುಂದೆ ನನ್ನ ಗುರುತು ಹಿಡಿದ. ನಾನು ನೆಲ ನೋಡುತ್ತಾ ನಿಂತೆ. "ಕಾಡ್ಯಾ, ನಿಮ್ಮಪ್ಪ ಹೊಡದದ್ದು ನಿಮ್ಮಪ್ಪಂದು. ಅಗಸೀದು ಹಂಗ ಉಳದೈತಿ. ಮಕ್ಕಳನ್ನ ಕರಕೊಂಡು ಬಾ," ಎಂದ. ನಲವತ್ತೆಂಟು ವರ್ಷದ ನಂತರ ಯಾರೋ ನನ್ನ ಎದೆಯ ಮೇಲಿನ ಚೀಲ ಇಳಿಸಿದಂತಾಯಿತು. ಹೊರಟೆ. ನಿಮಗೆ ಹೇಳದೆ ಕರೆದೊಯ್ದದ್ದು ನನ್ನ ತಪ್ಪು. ಎರಡನೇ ಏಟು ಆದ ಮೇಲೆ, ಬನ್ನಿ ಕೊಟ್ಟುಕೊಂಡ ಮೇಲೆ, ಊಟಕ್ಕೆ ಕೂತು ಎಲ್ಲಾ ಹೇಳೋಣ ಎಂದುಕೊಂಡಿದ್ದೆ.

ಈಗ ನೀನು ಕೇಳಿದ ಮಾತು. ಮೂವತ್ತು ವರ್ಷ ತೂಕ ಮಾಡಿದ್ದೇನೆ, ಒಂದು ದಿನ ಕಾಟಾದ ಮುಳ್ಳನ್ನು ಬೆರಳಿನಿಂದ ಒತ್ತಿಲ್ಲ. ನಿನಗಾಗಿ ಒತ್ತಬೇಕು ಎಂದು ಪ್ರತಿ ದಿನ ಅನಿಸುತ್ತದೆ. ನನ್ನಿಂದ ಆಗುತ್ತದೋ ಇಲ್ಲವೋ ನನಗೇ ತಿಳಿಯದು.

ನಿನ್ನ ಅಪ್ಪ


ಜೈಲು
20 ಫೆಬ್ರವರಿ 2023

ಕಾಡಪ್ಪ ಅಗಸಿಮನಿಯವರಿಗೆ,

ನಿಮ್ಮ ಪತ್ರವನ್ನು ಹರಿದು ಶೌಚದ ಗುಂಡಿಗೆ ಹಾಕಿದ್ದೇನೆ. ವಕೀಲರಿಗೆ ತೋರಿಸಿಲ್ಲ.

ಕೋರ್ಟಿನಲ್ಲಿ ನೀವು ಅವನ ಪರ ಮಾತಾಡಿದರೆ ನನಗೆ ಅಪ್ಪ ಇಲ್ಲ. ಹೊರಗೆ ಬಂದ ದಿನ ಎದುರಿಗೆ ಸಿಗಬೇಡಿ. ನನ್ನ ಕೈ ಯಾರ ಮೇಲೆ ಏಳುತ್ತದೆ ಎಂದು ನಾನು ಹೇಳಲಾರೆ.

ವಿ. ಕಾ. ಅಗಸಿಮನಿ


ಬೈಲಹೊಂಗಲ
28 ಆಗಸ್ಟ್ 2023

ಅಣ್ಣಾ,

ನಾನು ಉಮಾ. ಅಪ್ಪ ಈ ಆರು ತಿಂಗಳಲ್ಲಿ ನಾಲ್ಕು ಪತ್ರ ಬರೆದ. ನೀನು ಒಂದಕ್ಕೂ ಉತ್ತರ ಕೊಡಲಿಲ್ಲ, ಕೊನೆಯದನ್ನು ಒಡೆಯದೆಯೇ ತಿರುಗಿ ಕಳಿಸಿದೆ. ನನ್ನ ಪತ್ರ ತಿರುಗಿ ಬಂದರೆ ಮುಂದಿನ ಸಲ ಜೈಲಿಗೇ ಬಂದು ಎಲ್ಲರ ಎದುರಿಗೆ ಓದುತ್ತೇನೆ, ತಿಳಿದಿರಲಿ.

ಕೋರ್ಟಿನ ಒಳಗೆ ನಡೆದದ್ದಕ್ಕೆ ನೀನೇ ಸಾಕ್ಷಿ. "ಅಂವ ಏಟು ತಿನ್ನಾಕ ಬಗ್ಗಿದ್ದರಿ, ಸಾಹೇಬ್ರ. ನನ್ನ ಮಗಗ ಅದು ಗೊತ್ತಿರಲಿಲ್ಲ. ಹೇಳಬೇಕಾದಂವ ನಾ, ನಾ ಹೇಳಲಿಲ್ಲ," ಎಂದು ಅಪ್ಪ ಹೇಳಿದ. ಅಷ್ಟರಲ್ಲಿ ನೀನು ಕಟಕಟೆಯಲ್ಲಿದ್ದ ಅಪ್ಪನ ಮೇಲೆ ನುಗ್ಗಿದ್ದೆ. ಪೊಲೀಸರು ನಿನ್ನ ಕತ್ತನ್ನು ಗೋಡೆಗೆ ಒತ್ತಿ ಹಿಡಿದರು. ಅಪ್ಪ "ಬಿಡ್ರಿ ಅಂವನ್ನ" ಎಂದು ಕೂಗಿದ್ದಾದರೂ ನಿನಗೆ ಕೇಳಿಸಿತೇ?

ನಿನ್ನ ವ್ಯಾನು ಹೋದ ಮೇಲಿನದನ್ನು ಕೇಳು. ಅಪ್ಪ ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವ್ವ ಅವನ ಎದೆಗೆ ಎರಡೂ ಕೈಯಿಂದ ಗುದ್ದುತ್ತಿದ್ದಳು, ನೀ ನನ್ನ ಮಗನ್ನ ಕೊಂದಿ ಎನ್ನುತ್ತಿದ್ದಳು, ಅವನು ತಡೆಯಲಿಲ್ಲ. ಆಗ ನಿಜಗುಣಪ್ಪ ಕಾಕಾ ಬಂದರು. ಎಡಗಣ್ಣು ಇದ್ದ ಕಡೆ ಈಗ ಹೊಲಿಗೆ ಹಾಕಿದ ಗುಳಿ ಮಾತ್ರ ಇದೆ, ಕೆನ್ನೆಯ ಎಲುಬೂ ಒಳಗೆ ಹೋಗಿದೆ. ಅವರನ್ನು ನೋಡಿ ಅವ್ವ ಸರಿದು ನಿಂತಳು. ನಾವು ಹೊಡೆತವನ್ನೇ ಕಾಯುತ್ತಿದ್ದೆವು. ಅವರ ಜೊತೆ ಊರಿನ ಏಳೆಂಟು ಗಂಡಸರು ಇದ್ದರು.

ಕಾಕಾ ಮೊದಲು ಹೇಳಿದ್ದು ಬಾರುಕೋಲಿನ ವಿಷಯ. ಅದನ್ನು ಮೂರು ದಿನ ಎಣ್ಣೆಯಲ್ಲಿ ನೆನೆಸಿ ಮೆತ್ತಗೆ ಮಾಡಬೇಕಂತೆ. ಅಷ್ಟು ವರ್ಷ ಒಣಗಿದ ತೊಗಲಿಗೆ ಒಂದೇ ದಿನ ಎಣ್ಣೆ ಹಾಕಿದೆ, ಅದಕ್ಕೇ ಅಪ್ಪನ ಬೆನ್ನು ಬಿರಿಯಿತು, ರಕ್ತ ಕಂಡ ಮಗ ಇನ್ನೇನು ಮಾಡಿಯಾನು ಎಂದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಅಪ್ಪನ ಕಾಲ ಬಳಿ ಇಟ್ಟು, ಆ ಮೆಟ್ಟಿಲ ಮೇಲೆ, ವಕೀಲರು ಪೊಲೀಸರು ಚಹಾದವರು ಎಲ್ಲಾ ನೋಡುತ್ತಿರುವಾಗ, ಬಗ್ಗಿ ನಿಂತರು.

"ಕಾಡ್ಯಾ, ನನ್ನ ಪಾಳಿ ಉಳದೈತಿ. ಹಾಕು."

ಅಪ್ಪ ಟವೆಲ್ ಎತ್ತಿಕೊಂಡ. ಅವನ ಕೈ ಮೇಲೆ ಹೋಗಲೇ ಇಲ್ಲ. "ಗೌಡಾ, ನಮ್ಮ ಮನಿ ಕೈಗೆ ಅಳತಿ ಇಲ್ಲ. ನಾ ಎತ್ತೂದಿಲ್ಲ," ಎಂದು ಅತ್ತುಬಿಟ್ಟ. ಅಪ್ಪ ಅತ್ತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಕಾಕಾ ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದ ಮೇಲೆ, "ಹಂಗಾದ್ರ ನಿನ್ನ ಮಗನ ಕೈಲೆ ತಗೋತೇನಿ. ಅಂವ ಬರೂತನ ಕಾಯತೇನಿ," ಎಂದರು.

ನನಗೆ ತಡೆಯಲಾಗಲಿಲ್ಲ. ಕಾಕಾ, ಅವನು ನಿಮ್ಮ ಕಣ್ಣು ತೆಗೆದಿದ್ದಾನೆ ಎಂದೆ.

"ಅದಕ್ಕ ಕೋರ್ಟ್ ಐತೆವ್ವಾ. ಇದಕ್ಕ ಕೋರ್ಟ್ ಇಲ್ಲ," ಎಂದರು.

ಸವದತ್ತಿಯವರು ಸಂಬಂಧ ಬಿಟ್ಟರು. ಬಿಡಲಿ, ನನಗೆ ಬೇಸರವಿಲ್ಲ, ಅವನ ಮೂತಿ ನನಗೆ ಮೊದಲೇ ಹಿಡಿಸಿರಲಿಲ್ಲ. ಆದರೆ ಈ ಮನೆಯಲ್ಲಿ ಮೂವರು ಮೂರು ಮೂಲೆ ಹಿಡಿದು ಕೂರುವುದನ್ನು ನೋಡಲಾರೆ. ಅಪ್ಪನಿಗೆ ನಾಲ್ಕು ಸಾಲು ಬರೆ. ಬೈದಾದರೂ ಬರೆ.

ನಿನ್ನ ತಂಗಿ
ಉಮಾ


ಜೈಲು
24 ಅಕ್ಟೋಬರ್ 2023, ಬನ್ನಿ ಹಬ್ಬ

ಅಪ್ಪಾ,

ಶಿಕ್ಷೆ ಗೊತ್ತಾಗಿದೆಯಲ್ಲ, ಮೂರು ವರ್ಷ. ಒಳಗಿದ್ದ ಒಂದು ವರ್ಷವನ್ನು ಕಳೆದಿದ್ದಾರೆ. ಕೊಲೆ ಪ್ರಯತ್ನ ಎಂಬುದನ್ನು ಕೈಬಿಟ್ಟರು. ನನಗೆ ಕಟ್ಟಳೆ ಗೊತ್ತಿರಲಿಲ್ಲ ಎಂದು ನೀನು ಹೇಳಿದ್ದೇ ಅದಕ್ಕೆ ಕಾರಣ ಎಂದು ವಕೀಲರು ಹೇಳಿದರು. ನೀನು ಹೇಳಿದ್ದು ಅವನ ಪರವೋ ನನ್ನ ಪರವೋ ನನಗೆ ಈಗಲೂ ತಿಳಿಯುತ್ತಿಲ್ಲ.

ಉಮಾಳ ಪತ್ರವನ್ನು ಎರಡು ತಿಂಗಳು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಕಣ್ಣು ಮುಚ್ಚಿದರೆ ಆ ಮನುಷ್ಯ ಬಗ್ಗುತ್ತಾನೆ. ಮೊದಲು ನನಗೆ ಬಾರುಕೋಲು ಮಾತ್ರ ಕಾಣುತ್ತಿತ್ತು. ಈಗ ಅವನ ಕೈ ಕಾಣುತ್ತದೆ. ಹಿಡಿಕೆ ನಿನ್ನ ಕಡೆಗಿತ್ತು, ಅಪ್ಪಾ. ಹೊಡೆಯುವವನು ಹಿಡಿಕೆಯನ್ನು ಎದುರಿನವನ ಕಡೆ ಮಾಡುವುದಿಲ್ಲ. ಅದನ್ನು ನಾನು ಅವತ್ತೂ ನೋಡಿದ್ದೆ. ಮೊದಲ ಸಲ ಹೊಡೆಯುವಾಗ ನೋಡಿರಲಿಲ್ಲ, ಎರಡನೆಯ ಸಲ ಹೊಡೆಯುವಾಗ ನೋಡಿದ್ದೆ. ನೋಡಿಯೂ ಹೊಡೆದೆ. ಇದನ್ನು ನಾನು ಕೋರ್ಟಿಗೆ ಹೇಳಿಲ್ಲ, ವಕೀಲರಿಗೂ ಹೇಳಿಲ್ಲ. ಈ ಪತ್ರ ಓದುವ ಸಾಹೇಬರು ಏನಾದರೂ ಮಾಡಿಕೊಳ್ಳಲಿ.

ನಿನ್ನನ್ನು ಹೇಡಿ ಎಂದೆ. ನಿನ್ನ ಮೇಲೆ ಕೈ ಎತ್ತಲು ಬಂದೆ. ಅದಕ್ಕೆ ಏನು ಬರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದೆ.

ಅಜ್ಜನ ಫೋಟೊವನ್ನು ಗ್ಯಾರೇಜಿನಲ್ಲೇ ಇರಗೊಡು. ಮಾಲೆ ಬೇಡ.

ಇನ್ನೆರಡು ಬನ್ನಿ ಕಳೆಯುವುದರೊಳಗೆ ಬಿಡುಗಡೆಯಾಗುತ್ತದೆ. ನಾನು ಗುಡ್ಡ ಹತ್ತುತ್ತೇನೆ. ಮೊದಲು ಅಂಗಿ ಬಿಚ್ಚಿ ಅಗಸಿಯಲ್ಲಿ ನಿಲ್ಲುತ್ತೇನೆ, ಅವರು ಎಷ್ಟು ಜೋರಾಗಿ ಬೇಕಾದರೂ ಹಾಕಲಿ. ಅದಕ್ಕೆ ನನಗೆ ಭಯವಿಲ್ಲ. ಆಮೇಲೆ ಆ ಮುದುಕ ನನ್ನ ಎದುರಿಗೆ ಬಂದು ಬಗ್ಗುತ್ತಾನೆ, ಬಾರುಕೋಲು ನನ್ನ ಕಾಲ ಬಳಿ ಇರುತ್ತದೆ, ನನ್ನ ಕೈಯನ್ನು ಯಾರೂ ಹಿಡಿಯುವುದಿಲ್ಲ. ಆ ಭಯಕ್ಕೆ ನನಗೆ ನಿದ್ದೆ ಹತ್ತುತ್ತಿಲ್ಲ.

ತೂಕ ಇನ್ನೇನು ಸರಿಯಾಗಬೇಕು ಎನ್ನುವಾಗ ಕೊನೆಯ ಹಿಡಿ ಹತ್ತಿಯನ್ನು ನೀನು ಹೇಗೆ ಹಾಕುತ್ತೀ? ಬರೀ ಮಣಿಕಟ್ಟಿನಿಂದಲೋ, ತೋಳೂ ಅಲುಗುತ್ತದೋ? ಚಿಕ್ಕವನಿದ್ದಾಗ ಕಾಟಾದ ಹತ್ತಿರ ನಿಂತು ನೂರು ಸಲ ನೋಡಿದ್ದೇನೆ, ಆದರೆ ಲಕ್ಷ್ಯ ಕೊಟ್ಟು ನೋಡಲಿಲ್ಲ. ಬರೆದು ಕಳಿಸು, ಕಲಿಯುತ್ತೇನೆ.

ನೀನು ಕಳಿಸಿದ ಕಂಬಳಿಯನ್ನು ಮಡಚಿ ಗೋಡೆಗೆ ಆನಿಸಿ ಇಟ್ಟಿದ್ದೇನೆ. ದಿನವೂ ಕೈದಿಗಳ ಎಣಿಕೆ ಮುಗಿದ ಮೇಲೆ ಟವೆಲ್ ತೆಗೆದುಕೊಂಡು ಅದರ ಮೇಲೆ ಒಂದೇ ಒಂದು ಏಟು ಹಾಕಿ ನೋಡುತ್ತೇನೆ. ಹಗುರವಾಗಿ ಹಾಕಬೇಕು ಎಂದು ಮನಸ್ಸಿನಲ್ಲಿ ಹತ್ತು ಸಲ ಅಂದುಕೊಂಡೇ ಕೈ ಎತ್ತುತ್ತೇನೆ.

ಇನ್ನೂ ಜೋರಾಗಿಯೇ ಬೀಳುತ್ತಿದೆ, ಅಪ್ಪಾ.

ನಿನ್ನ ಮಗ
ವಿರೂಪಾಕ್ಷ